ಕಷ್ಟದ ಇಂಗ್ಲಿಷ್ ಪದ ಕಲಿಯಬೇಕಾ? ಮೊದಲು ಮನೆಯ ಟ್ರಂಕು ತೆಗೆಯಿರಿ

ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ಕಬ್ಬಿಣದ ಟ್ರಂಕು ಇದೆ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಯಾರ ಮನೆಗೆ ಹೋದರೂ ಇಂಥದ್ದೊಂದು ಸಿಗುತ್ತದೆ, ಮಂಚದ ಕೆಳಗೋ ಅಟ್ಟದ ಮೇಲೋ. ಒಳಗೆ ಜಮೀನಿನ ಪತ್ರ, ಪಹಣಿ, ಇಸಿ, ಸೊಸೈಟಿ ಸಾಲದ ರಸೀದಿ, ಸ್ಕೂಲಿನ ಟಿಸಿ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. "ಇಸಿ ತೆಗೆಸಬೇಕು" ಅಂತ ಅಪ್ಪ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದು ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್ ಅಂತ ಗೊತ್ತಾಗಿದ್ದು ಮಾತ್ರ ಡಿಗ್ರಿ ಮುಗಿದ ಮೇಲೆ. ಎನ್‌ಕಂಬ್ರೆನ್ಸ್ ಅಂದರೆ ಹೊರೆ, ಅಡ್ಡಿ. ಜಮೀನಿನ ಮೇಲೆ ಸಾಲದ ಹೊರೆ ಇದೆಯಾ ಇಲ್ವಾ ಅಂತ ಹೇಳುವ ಕಾಗದ. ಅದಕ್ಕೇ ಕನ್ನಡದಲ್ಲಿ ಋಣಭಾರ ಪತ್ರ ಅನ್ನುತ್ತಾರೆ. ಇದು ತಿಳಿದ ಮೇಲೆ ಕಂಬರ್‌ಸಮ್ ಅನ್ನುವ ಪದ ಪೇಪರ್‌ನಲ್ಲಿ ಕಂಡಾಗ ನಾನು ಡಿಕ್ಷನರಿ ತೆಗೆಯಲಿಲ್ಲ. ಅದೇ ಮನೆತನದ್ದು. ಹೊರಲು, ಸಂಭಾಳಿಸಲು ತ್ರಾಸಾಗುವಂಥದ್ದು, ಅಷ್ಟೇ.

ಈಗ ನಾನು ಕೋಲಾರದಲ್ಲಿ ಸಂಜೆ ಹೊತ್ತು ಡಿಗ್ರಿ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬ್ಯಾಂಕ್ ಪರೀಕ್ಷೆ ಬರೆಯುವವರು, ಕೆಪಿಎಸ್‌ಸಿಗೆ ಓದುವವರು, ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಂತ ಬರುವವರು, ಎಲ್ಲರೂ ಇರುತ್ತಾರೆ. ಎಲ್ಲರ ಕೈಯಲ್ಲೂ ಒಂದು ಪಿಡಿಎಫ್ ಇರುತ್ತದೆ, ಸಾವಿರ ಪದ, ಎದುರಿಗೆ ಒಂದೊಂದು ಅರ್ಥ. ಉರು ಹೊಡೆಯುತ್ತಾರೆ, ಹದಿನೈದು ದಿನಕ್ಕೆ ಮರೆಯುತ್ತಾರೆ, ಆಮೇಲೆ "ನಮ್ಮದು ಕನ್ನಡ ಮೀಡಿಯಂ ಸರ್, ನಮಗೆ ಬರಲ್ಲ" ಅಂತ ತಲೆ ತಗ್ಗಿಸುತ್ತಾರೆ. ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕನ್ನಡ ಬಂದರೆ ಕಷ್ಟದ ಇಂಗ್ಲಿಷ್ ಪದ ಕಲಿಯುವುದು ಸುಲಭವಾಗುತ್ತದೆ, ನಿಜವಾಗಿ. ಅದು ಹೇಗೆ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಟ್ರಂಕಿಗೇ ಬರೋಣ. ಒಂದೊಂದೇ ಕಾಗದ ತೆಗೆದು, ಅದರಲ್ಲಿ ನಾವು ದಿನಾ ಬಾಯಲ್ಲಿ ಆಡುವ ಇಂಗ್ಲಿಷ್ ಪದ ಯಾವುದಿದೆ ನೋಡಿ. ಮ್ಯುಟೇಷನ್ ಇರುತ್ತದೆ. ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಖಾತೆ ಬದಲಾಗುವುದು. ಹಳೆ ರೋಮನ್ನರ ಭಾಷೆಯಾದ ಲ್ಯಾಟಿನ್‌ನಲ್ಲಿ ಮ್ಯುಟಾರೆ ಅಂದರೆ ಬದಲಾಗುವುದು, ಬದಲಾಯಿಸುವುದು. ಕೊರೊನಾ ಸಮಯದಲ್ಲಿ ವೈರಸ್ ಮ್ಯುಟೇಷನ್ ಆಯ್ತು ಅಂತ ಟಿವಿಯಲ್ಲಿ ಕೇಳಿದಿರಲ್ವಾ, ಅದೂ ಇದೇ. ಹಾಗಾದರೆ ಇಮ್ಯೂಟಬಲ್ ಅಂದರೆ? ಬದಲಾಗದೇ ಇರುವಂಥದ್ದು. ಪರ್ಮ್ಯುಟೇಷನ್ ಅಂದರೆ ಸ್ಥಾನ ಬದಲಾಯಿಸಿ ಬದಲಾಯಿಸಿ ಜೋಡಿಸುವುದು. ಮ್ಯೂಚುವಲ್ ಅಂದರೆ ಒಬ್ಬರಿಗೊಬ್ಬರು ಬದಲಿಗೆ ಬದಲಿ ಕೊಟ್ಟುಕೊಳ್ಳುವುದು, ಪರಸ್ಪರ. ತಾಲ್ಲೂಕು ಆಫೀಸಿನ ಒಂದು ಪದದ ಬಾಲ ಹಿಡಿದರೆ ಮೂರು ಪದ ಹಿಂದೆ ಬಂತು.

ಮಾರ್ಟ್‌ಗೇಜ್ ಅಂತ ಇನ್ನೊಂದು ಇರುತ್ತದೆ, ಅಡಮಾನ. ಈ ಪದ ಹಳೆ ಫ್ರೆಂಚಿನಿಂದ ಬಂದಿದ್ದು. ಮಾರ್ಟ್ ಅಂದರೆ ಸತ್ತ, ಗೇಜ್ ಅಂದರೆ ಒತ್ತೆ. ಸತ್ತ ಒತ್ತೆ! ಜಮೀನು ಒತ್ತೆ ಇಟ್ಟು ಬಿಡಿಸಿಕೊಳ್ಳಲಾಗದ ಮನೆಯವರಿಗೆ ಈ ಪದ ಯಾಕೆ ಹೀಗಿದೆ ಅಂತ ವಿವರಿಸಿ ಹೇಳಬೇಕಾಗಿಲ್ಲ. ಅದೇ ಮಾರ್ಟ್ ಮಾರ್ಟಲ್‌ನಲ್ಲಿದೆ, ಮಾರ್ಚುರಿಯಲ್ಲಿದೆ, ಪೋಸ್ಟ್‌ಮಾರ್ಟಮ್‌ನಲ್ಲಿದೆ, ಇಮ್ಮಾರ್ಟಲ್‌ನಲ್ಲಿದೆ. ಈಗ ಇಮ್ಮಾರ್ಟಲ್ ಅನ್ನು ಬಿಡಿಸಿ ನೋಡಿ: ಇಮ್ ಮತ್ತು ಮಾರ್ಟಲ್. ನಮ್ಮ ಅಮೃತವನ್ನೂ ಬಿಡಿಸಿ: ಅ ಮತ್ತು ಮೃತ. ಎರಡೂ ಒಂದೇ ಅಚ್ಚು. ಇದು ಬರೀ ನೆನಪಿಗೆ ಹಾಕಿಕೊಂಡ ಗುರುತಲ್ಲ, ರಕ್ತ ಸಂಬಂಧವೇ.

ಯಾಕೆ ಅಂದರೆ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬುಡದಿಂದ ಬಂದ ಭಾಷೆಗಳು. ಕಲ್ಕತ್ತದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಮಾಡಿದ ಭಾಷಣದಲ್ಲಿ ಇದನ್ನು ಹೇಳಿದ್ದು ಪ್ರಸಿದ್ಧ. ನಮ್ಮ ಕನ್ನಡ ದ್ರಾವಿಡ ಭಾಷೆ, ಆ ಬುಡದ್ದಲ್ಲ. ಆದರೆ ಸಂಸ್ಕೃತದಿಂದ ನಾವು ಲೆಕ್ಕವಿಲ್ಲದಷ್ಟು ಪದ ತಂದುಕೊಂಡು ನಮ್ಮದೇ ಮಾಡಿಕೊಂಡಿದ್ದೇವೆ. ಇಂಗ್ಲಿಷಿನವರೂ ದೊಡ್ಡ ಪದ ಬೇಕಾದಾಗೆಲ್ಲ ಲ್ಯಾಟಿನ್ ಮತ್ತು ಗ್ರೀಕಿನಿಂದಲೇ ತಂದುಕೊಂಡರು. ಹಾಗಾಗಿ ನಮ್ಮ ಅಂಗಡಿಯಲ್ಲೂ ಅವರ ಅಂಗಡಿಯಲ್ಲೂ ಇರುವುದು ಅಕ್ಕತಂಗಿಯರ ಮನೆಯ ಮಾಲು. ನವ ಅಂದರೆ ಹೊಸದು, ಅಲ್ವಾ? ನಾವೆಲ್, ನಾವಿಸ್, ಇನ್ನೊವೇಟ್, ರೆನೊವೇಟ್ ನೋಡಿ. ನಾವಿಸ್ ಅಂದರೆ ಆ ಕೆಲಸಕ್ಕೆ ಹೊಸಬ. ನಾಮ ಅಂದರೆ ಹೆಸರು. ನಾಮಿನಿ ಅಂದರೆ ಹೆಸರು ಸೂಚಿಸಲಾದವರು, ನಾಮಿನಲ್ ಅಂದರೆ ಹೆಸರಿಗಷ್ಟೇ. ಕನ್ನಡದಲ್ಲೂ "ನಾಮಕಾವಾಸ್ತೆ" ಅನ್ನುತ್ತೇವಲ್ಲ, ಅದೇ ನಾಮಿನಲ್. ಪಾದದಿಂದ ಪೆಡಲ್, ಪೆಡೆಸ್ಟ್ರಿಯನ್ ನೆನಪಿಡಿ. ದಾನದಿಂದ ಡೊನೇಟ್, ಜನನದಿಂದ ಜೆನೆಸಿಸ್, ಪ್ರೊಜೆನಿ, ಕಂಜೆನಿಟಲ್. ಕಂಜೆನಿಟಲ್ ಅಂದರೆ ಹುಟ್ಟಿನಿಂದಲೇ ಇರುವುದು. ನಮ್ಮ ದುಸ್, ದುರ್ ಅನ್ನುವುದೇ ಅವರ ಡಿಸ್ಲೆಕ್ಸಿಯಾ, ಡಿಸ್‌ಫಂಕ್ಷನಲ್‌ಗಳ ಡಿಸ್. ನಮ್ಮ ಪರಿಧಿಯ ಪರಿ, ಅವರ ಪೆರಿಮೀಟರ್‌ನ ಪೆರಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಕೇಳಲು ಒಂದೇ ಥರ ಇದ್ದ ಮಾತ್ರಕ್ಕೆ ಸಂಬಂಧಿಕರು ಅಂತ ತಿಳಿಯಬೇಡಿ. ಒಂದು ಮತ್ತು ಒನ್, ಕೊಲ್ಲು ಮತ್ತು ಕಿಲ್, ಇವೆಲ್ಲ ಬರೀ ಆಕಸ್ಮಿಕ. ನೆನಪಿಗೆ ಸಹಾಯವಾದರೆ ಬಳಸಿಕೊಳ್ಳಿ, ಆದರೆ ಪದದ ಹುಟ್ಟು ಏನು ಅಂತ ಒಂದು ಸಲ ಡಿಕ್ಷನರಿಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಅಫಿಡವಿಟ್ ಮತ್ತು ಬೋನಾಫೈಡ್, ಇವೆರಡನ್ನು ಬೇಗ ಹೇಳಿಬಿಡುತ್ತೇನೆ. ಎರಡರ ಒಳಗೂ ಫಿಡ್ ಇದೆ, ಲ್ಯಾಟಿನ್‌ನಲ್ಲಿ ನಂಬಿಕೆ. ಬೋನಾಫೈಡ್ ಅಂದರೆ ಒಳ್ಳೆಯ ನಂಬಿಕೆಯಿಂದ, ಅಸಲಿ. ಫಿಡೆಲಿಟಿ ನಿಷ್ಠೆ, ಪರ್ಫಿಡಿ ನಂಬಿಕೆದ್ರೋಹ, ಡಿಫಿಡೆಂಟ್ ತನ್ನ ಮೇಲೆ ತನಗೇ ನಂಬಿಕೆ ಇಲ್ಲದವನು. ಸ್ಕೂಲಿನಿಂದ ಬೋನಾಫೈಡ್ ತಂದು ಕೊಟ್ಟವರೆಲ್ಲ ಈ ಮೂರನ್ನೂ ಕಲಿಯಬಹುದು.

ಈಗ ನನಗೆ ಬಹಳ ಪೆಟ್ಟು ಕೊಟ್ಟ ಪದದ ವಿಷಯ. ಡಿಗ್ರಿ ಆದ ವರ್ಷ ಕೋಲಾರದ ಹತ್ತಿರದ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಎದುರಿಗೆ ಕೂತವರು ಇಂಗ್ಲಿಷಿನಲ್ಲಿ, "ನಮ್ಮಲ್ಲಿ ಅಟ್ರಿಷನ್ ಜಾಸ್ತಿ, ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನು" ಅಂತ ಕೇಳಿದರು. ಪದ ಗೊತ್ತಿರಲಿಲ್ಲ. ಅರ್ಥ ಏನು ಅಂತ ಕೇಳುವ ಧೈರ್ಯವೂ ಇರಲಿಲ್ಲ, ಸುಮ್ಮನೆ ಕೂತೆ. ಕೆಲಸ ಸಿಗಲಿಲ್ಲ. ಮನೆಗೆ ಬಂದು ನೋಡಿದರೆ, ಕೆಲಸಗಾರರು ಒಬ್ಬೊಬ್ಬರಾಗಿ ಬಿಟ್ಟು ಹೋಗಿ ಸಂಖ್ಯೆ ಸವೆಯುವುದಕ್ಕೆ ಅಟ್ರಿಷನ್ ಅನ್ನುತ್ತಾರೆ ಅಂತ ಇತ್ತು. ಇಷ್ಟೇನಾ ಅನ್ನಿಸಿತು. ಆ ಸಿಟ್ಟಿನಲ್ಲೇ ಪದದ ಬೇರು ಹುಡುಕಿದೆ. ಲ್ಯಾಟಿನ್‌ನಲ್ಲಿ ಟೆರೆರೆ. ಅಂದರೆ ಉಜ್ಜು, ತೇಯು, ಸವೆಸು.

ತೇಯುವುದು ಅಂದ ತಕ್ಷಣ ಕಣ್ಣ ಮುಂದೆ ಬಂದಿದ್ದು ಅಜ್ಜಿ ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುತ್ತಿದ್ದದ್ದು. ದಿನಾ ಸ್ವಲ್ಪ ಸ್ವಲ್ಪ, ಕೊನೆಗೆ ಕೊರಡು ಹೆಬ್ಬೆರಳಿನಷ್ಟಾಗುತ್ತಿತ್ತು. ಅಟ್ರಿಷನ್ ಅಂದರೆ ಅದು. ಡೆಟ್ರಿಮೆಂಟ್ ಕೂಡ ಇದೇ ಬೇರಿನದು, ತೇದು ಹೋದ ಭಾಗ, ನಷ್ಟ, ಹಾನಿ. ಟ್ರೈಟ್ ಅಂದರೆ ಎಲ್ಲರೂ ಹೇಳಿ ಹೇಳಿ ಸವೆದ ಮಾತು, ಕನ್ನಡದಲ್ಲಿ ಸವಕಲು ಮಾತು ಅಂತ ಅದೇ ಚಿತ್ರದಲ್ಲಿ ಹೇಳುತ್ತೇವೆ ನೋಡಿ. ಕಾಂಟ್ರೈಟ್ ಅಂದರೆ ತಪ್ಪು ಮಾಡಿ ಪಶ್ಚಾತ್ತಾಪದಿಂದ ಒಳಗೊಳಗೇ ನುಚ್ಚಾಗಿ ಹೋದವನು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಟ್ರಿಬ್ಯುಲೇಷನ್. ರೋಮನ್ನರು ಕಣದಲ್ಲಿ ತೆನೆಯ ಮೇಲೆ ಎಳೆಯುತ್ತಿದ್ದ ಒಂದು ಭಾರದ ಹಲಗೆ ಇತ್ತು, ಅದರ ಅಡಿಗೆ ಚೂಪಾದ ಕಲ್ಲು ಜೋಡಿಸಿರುತ್ತಿದ್ದರು. ಅದರ ಹೆಸರು ಟ್ರಿಬ್ಯುಲಮ್. ಆ ಹಲಗೆಯ ಕೆಳಗೆ ಸಿಕ್ಕಿದ ತೆನೆಯ ಪಾಡು ಏನೋ ಅದೇ ಟ್ರಿಬ್ಯುಲೇಷನ್, ಮನುಷ್ಯನನ್ನು ಅರೆದು ಹಾಕುವ ಕಷ್ಟ. ನಮ್ಮ ಕಣದಲ್ಲಿ ರಾಗಿ ತೆನೆ ಹರಡಿ ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದುದನ್ನು ನೋಡಿದವರಿಗೆ ಈ ಪದ ಸಾಯುವವರೆಗೆ ಮರೆಯುವುದಿಲ್ಲ. ಈಗ ರೋಣಗಲ್ಲು ಮೂಲೆ ಸೇರಿದೆ, ತೆನೆಯನ್ನು ರಸ್ತೆ ಮೇಲೆ ಹರಡಿ ಬಸ್ಸು ಲಾರಿ ಓಡಾಡಲು ಬಿಡುತ್ತಾರೆ. ಆದರೂ ಚಿತ್ರ ಕೆಲಸ ಮಾಡುತ್ತದೆ.

ಹೊಲದ ಪದಗಳು ಇಂಗ್ಲಿಷಿನ ದೊಡ್ಡ ಪದಗಳ ಒಳಗೆ ಹೀಗೆ ಬಹಳ ಅಡಗಿವೆ. ಡೆಲಿರಿಯಮ್ ಅಂದರೆ ಜ್ವರ ತಲೆಗೇರಿ ಏನೇನೋ ಬಡಬಡಿಸುವುದು. ಅದರೊಳಗಿನ ಲಿರಾ ಅಂದರೆ ನೇಗಿಲ ಸಾಲು. ಸಾಲು ಬಿಟ್ಟು ಉಳುವುದೇ ಡೆಲಿರಿಯಮ್! ಎಕ್ಸಾರ್ಬಿಟಂಟ್ ಅಂದರೆ ಮಿತಿ ಮೀರಿದ ಬೆಲೆ. ಅದರೊಳಗಿನ ಆರ್ಬಿಟಾ ಅಂದರೆ ಗಾಡಿ ಚಕ್ರದ ಜಾಡು. ಜಾಡು ಬಿಟ್ಟು ಹೋದ ಬೆಲೆ. ಕೆಜಿಎಫ್ ಕಡೆಯವರಿಗೆ ನಾನು ಅಂಡರ್‌ಮೈನ್ ಅನ್ನುವುದನ್ನು ಮೊದಲು ಹೇಳುತ್ತೇನೆ, ಬುಡದ ಕೆಳಗೆ ತೋಡಿ ತೋಡಿ ಮೇಲಿನದನ್ನು ಕುಸಿಯುವಂತೆ ಮಾಡುವುದು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಗಣಿ ತೋಡಿದ ಊರಿನವರಿಗೆ, 2001ರಲ್ಲಿ ಗಣಿ ಮುಚ್ಚಿದ್ದನ್ನು ಕಂಡವರ ಮಕ್ಕಳಿಗೆ, ಆ ಪದ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೋಟ್‌ಬುಕ್ಕಿನ ವಿಷಯ. ಇನ್ನೂರು ಪುಟದ ಒಂದು ಪುಸ್ತಕ ತೆಗೆದುಕೊಳ್ಳಿ. ಒಂದು ಪದಕ್ಕೆ ಅರ್ಧ ಪುಟ ಬಿಡಿ, ಜಿಪುಣತನ ಬೇಡ. ಮೇಲೆ ಪದ, ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ. ಪಕ್ಕದಲ್ಲಿ ಅದನ್ನು ಹೇಗೆ ಉಚ್ಚರಿಸಬೇಕು ಅಂತ ಕನ್ನಡದಲ್ಲಿ. ಕೆಳಗೆ ಅದು ನಿಮಗೆ ಸಿಕ್ಕಿದ ವಾಕ್ಯ, ಪೂರ್ತಿ, ಒಂದು ಪದವೂ ಬಿಡದೆ. ಆಮೇಲೆ ಕನ್ನಡ ಅರ್ಥ, ಆದರೆ ಒಂದೇ ಪದದಲ್ಲಿ ಬರೆದು ಮುಗಿಸಬೇಡಿ, ಪಕ್ಕದ ಮನೆಯವರಿಗೆ ಬಿಡಿಸಿ ಹೇಳುವ ಹಾಗೆ ಬರೆಯಿರಿ. ಕೊನೆಗೆ ನಿಮ್ಮ ಮನೆ, ನಿಮ್ಮ ಬೀದಿ, ನಿಮ್ಮ ಹೊಲದ ಮೇಲೆ ಒಂದು ಸ್ವಂತ ವಾಕ್ಯ. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಟ್ಟರೆ ಉಳಿದದ್ದೆಲ್ಲ ವೇಸ್ಟ್.

ಸ್ವಂತ ವಾಕ್ಯಕ್ಕೆ ಕೋಲಾರದ ಎಪಿಎಂಸಿಗಿಂತ ಒಳ್ಳೆಯ ಜಾಗ ಇಲ್ಲ. ಟೊಮೆಟೊ ಪೆರಿಷಬಲ್, ಇಟ್ಟರೆ ಕೊಳೆಯುತ್ತದೆ. ರೇಟು ವೊಲಟೈಲ್, ಲ್ಯಾಟಿನ್‌ನಲ್ಲಿ ಹಾರು ಅನ್ನುವ ಪದದಿಂದ ಬಂದದ್ದು, ಯಾವಾಗ ಹಾರುತ್ತದೋ ಗೊತ್ತಿಲ್ಲದ್ದು. ಎಲ್ಲರೂ ಒಟ್ಟಿಗೆ ಬೆಳೆದು ಮಂಡಿ ತುಂಬಿದರೆ ಗ್ಲಟ್. ಆಗ ಬೆಲೆ ಪ್ಲಮೆಟ್ ಆಗುತ್ತದೆ, ದಡಕ್ಕನೆ ಬೀಳುತ್ತದೆ, ರೈತನ ಕೈಗೆ ಬರುವುದು ಮೀಗರ್, ಅಂದರೆ ಅತ್ಯಲ್ಪ ಮೊತ್ತ, ಬಾಕ್ಸ್ ಬಾಕ್ಸ್ ರಸ್ತೆಗೆ ಸುರಿಯುತ್ತಾರೆ. 2023ರ ಜುಲೈನಲ್ಲಿ ಉಲ್ಟಾ ಆಯಿತು. 15 ಕೆಜಿ ಬಾಕ್ಸಿಗೆ 2,000 ರೂಪಾಯಿ ದಾಟಿತು. ಆಗ ಮಾಲು ಸ್ಕೇರ್ಸ್, ಬೆಲೆ ಎಕ್ಸಾರ್ಬಿಟಂಟ್. ನಮ್ಮ ಕ್ಲಾಸಿನ ಒಬ್ಬ ಹುಡುಗನ ಅಪ್ಪ ಮಂಡಿಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಅವನು ಆ ಜುಲೈ ತಿಂಗಳಲ್ಲಿ ದಿನಾ ಹರಾಜಿನ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ತಂದ. ಈ ಪದಗಳನ್ನು ಅವನು ಇವತ್ತಿಗೂ ತಪ್ಪದೆ ಬಳಸುತ್ತಾನೆ.

ಪದಕ್ಕೆ ಜೊತೆಗಾರರು ಇರುತ್ತಾರೆ, ಅದನ್ನೂ ಬರೆದುಕೊಳ್ಳಬೇಕು. ಇದನ್ನು ನಾನು ಅವರೆಕಾಯಿ ಇಟ್ಟುಕೊಂಡು ಹೇಳಿಕೊಡುತ್ತೇನೆ. ನಾವು ಅವರೆಕಾಯಿ ಬಿಡಿಸುತ್ತೇವೆ, ನೆನೆಸಿದ ಕಾಳನ್ನು ಹಿತಕುತ್ತೇವೆ. ಕಡಲೆಕಾಯಿಯನ್ನು ಹಿತಕುತ್ತೇವಾ? ಇಲ್ಲ. ಕಳೆ ಕೀಳುತ್ತೇವೆ, ರಾಗಿ ಕೊಯ್ಯುತ್ತೇವೆ, ಹುಣಸೆ ಬಡಿಯುತ್ತೇವೆ, ಪಾತ್ರೆ ಬೆಳಗುತ್ತೇವೆ. ಯಾರೂ ನಮಗೆ ಈ ರೂಲ್ಸ್ ಹೇಳಿಕೊಟ್ಟಿಲ್ಲ, ಆದರೆ "ರಾಗಿ ಬಡಿದೆ, ಹುಣಸೆ ಕೊಯ್ದೆ" ಅಂತ ಯಾರಾದರೂ ಅಂದರೆ ಇವರು ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನಲ್ಲೂ ಹೀಗೇ. ರ್‍ಯಾನ್ಸಿಡ್ ಅಂದರೆ ಕೆಟ್ಟ, ನಿಜ, ಆದರೆ ಎಣ್ಣೆ, ಬೆಣ್ಣೆ, ತುಪ್ಪದಂಥ ಜಿಡ್ಡು ಕಮಟಿದಾಗ ಹೇಳುವ ಪದ ಅದು, ಕೆಟ್ಟ ರಸ್ತೆಗೆ ಹೇಳುವುದಲ್ಲ. ಅಜಾರ್ ಅಂದರೆ ಸ್ವಲ್ಪವೇ ತೆರೆದ, ಅದನ್ನು ಹೆಚ್ಚಾಗಿ ಬಾಗಿಲಿಗೇ ಹೇಳುತ್ತಾರೆ. ಮಿಟಿಗೇಟ್ (ತೀವ್ರತೆ ತಗ್ಗಿಸು) ಅನ್ನುವುದರ ಜೊತೆ ರಿಸ್ಕ್, ಡ್ಯಾಮೇಜ್ ಬರುತ್ತವೆ. ಅವರ್ಟ್ (ಬರದಂತೆ ತಪ್ಪಿಸು) ಜೊತೆ ಕ್ರೈಸಿಸ್. ಅಲೇ (ಭಯ, ಅನುಮಾನ ಶಮನ ಮಾಡು) ಜೊತೆ ಫಿಯರ್ಸ್. ಕ್ವೆಂಚ್ (ತಣಿಸು) ಜೊತೆ ಥರ್ಸ್ಟ್. ನೋಟ್‌ಬುಕ್ಕಿನಲ್ಲಿ ಅಲೇ ಅಂದರೆ ಕಡಿಮೆ ಮಾಡು ಅಂತಷ್ಟೇ ಬರೆದುಕೊಂಡ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ "ಬೆಲೆಯನ್ನು ಅಲೇ ಮಾಡಬೇಕು" ಅಂತ ಬರೆದಿದ್ದಳು. ತಪ್ಪು ಅವಳದ್ದಲ್ಲ. ಅವಳ ಪಿಡಿಎಫ್‌ನಲ್ಲಿ ಇದ್ದದ್ದು ಅಷ್ಟೇ.

ಛಾಯೆ ಕೂಡ ಬೇಕು. ತೆಳ್ಳಗಿರುವವರನ್ನು ನಾವು ಸಪೂರ ಅನ್ನಬಹುದು, ಬಡಕಲು ಅನ್ನಬಹುದು, ನರಪೇತಲ ಅನ್ನಬಹುದು. ಮೂರೂ ಒಂದೇನಾ? ಮದುವೆ ಹುಡುಗಿ ನೋಡಲು ಹೋದಾಗ ನರಪೇತಲ ಅಂದು ನೋಡಿ! ಸ್ಲಿಮ್ ಹೊಗಳಿಕೆ, ಸ್ಕಿನ್ನಿ ಸ್ವಲ್ಪ ಚುಚ್ಚು, ಗಾಂಟ್ ಅಂದರೆ ಕಾಯಿಲೆಯಿಂದಲೋ ಹಸಿವಿನಿಂದಲೋ ಮುಖ ಒಳಗೆ ಹೋದದ್ದು, ಇಮೇಸಿಯೇಟೆಡ್ ಅಂದರೆ ಮೂಳೆ ಎಣಿಸುವಷ್ಟು ಸೊರಗಿದ್ದು. ದುಡ್ಡಿನ ವಿಷಯದಲ್ಲೂ ಹೀಗೇ, ಫ್ರೂಗಲ್ ಅಂದರೆ ಮೆಚ್ಚುಗೆ, ನೋಡಿಕೊಂಡು ಖರ್ಚು ಮಾಡುವವನು. ಸ್ಟಿಂಜಿ ಜುಗ್ಗ. ಪಾರ್ಸಿಮೋನಿಯಸ್ ಅದೇ ಜುಗ್ಗ, ಕೋಟು ಹಾಕಿಕೊಂಡಿದ್ದಾನೆ ಅಷ್ಟೇ. ನೊಟೋರಿಯಸ್ ಅನ್ನುವುದನ್ನು ಪ್ರಸಿದ್ಧ ಅಂತ ತಿಳಿದು ಗೌರವದ ವ್ಯಕ್ತಿಗಳಿಗೆ ಬಳಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಅದು ಕುಖ್ಯಾತ. ಡಿಸ್‌ಇಂಟರೆಸ್ಟೆಡ್ ಅಂದರೆ ಆಸಕ್ತಿ ಇಲ್ಲದವನು ಅಂತ ಈಗ ಬಳಸುವವರಿದ್ದಾರೆ, ಆದರೆ ಎಚ್ಚರದಿಂದ ಬರೆಯುವವರು ಅದನ್ನು ಪಕ್ಷಪಾತವಿಲ್ಲದವನು ಅನ್ನುವ ಅರ್ಥದಲ್ಲೇ ಇಟ್ಟುಕೊಳ್ಳುತ್ತಾರೆ. ಪಂಚಾಯ್ತಿಗೆ ಕೂರಿಸಬೇಕಾದ್ದು ಅಂಥವರನ್ನೇ.

ಹೊಸ ಪದ ಎಲ್ಲಿಂದ ಹೆಕ್ಕಬೇಕು? ಪಟ್ಟಿಯಿಂದ ಅಲ್ಲ, ಓದಿನಿಂದ. ನಾನು ಹೇಳುವ ದಾರಿ ಇದು: ಬೆಳಗ್ಗೆ ಒಂದು ಸುದ್ದಿಯನ್ನು ಮೊದಲು ಕನ್ನಡ ಪೇಪರ್‌ನಲ್ಲಿ ಓದಿ. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪೇಪರ್‌ನಲ್ಲಿ ಓದಿ. ಮನೆಗೆ ಎರಡು ಪೇಪರ್ ತರಿಸುವ ಅಗತ್ಯ ಇಲ್ಲ, ಲೈಬ್ರರಿಗೆ ಹೋದರೆ ಎರಡೂ ಸಿಗುತ್ತವೆ, ಅಲ್ಲಿಯವರೆಗೆ ಹೋಗಲಾಗದವರು ಫೋನಿನಲ್ಲೇ ಓದಬಹುದು. ವಿಷಯ ಆಗಲೇ ಗೊತ್ತಿರುವುದರಿಂದ ಗೊತ್ತಿಲ್ಲದ ಪದದ ಅರ್ಧ ಅರ್ಥ ತಾನೇ ಬಿಟ್ಟುಕೊಡುತ್ತದೆ. ಊರಿನ ಸುದ್ದಿಯಾದರೆ ಇನ್ನೂ ಒಳ್ಳೆಯದು. ಕೆಸಿ ವ್ಯಾಲಿ ಯೋಜನೆ ತೆಗೆದುಕೊಳ್ಳಿ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರಲ್ಲ, ಅದು. ಅದರ ಬಗ್ಗೆ ಇಂಗ್ಲಿಷಿನಲ್ಲಿ ಓದಿದರೆ ಎಫ್ಲುಯೆಂಟ್ (ಹೊರಬಿಡುವ ಕೊಳಚೆ ನೀರು), ಕಂಟ್ಯಾಮಿನೇಟ್ (ಮಲಿನಗೊಳಿಸು), ಡಿಪ್ಲೀಟ್, ರಿಪ್ಲೆನಿಷ್, ರಿಜುವನೇಟ್ ಎಲ್ಲ ಸಿಗುತ್ತವೆ. ರಿಜುವನೇಟ್‌ನ ಹೊಟ್ಟೆಯಲ್ಲಿ ನಮ್ಮ ಯುವ ಕೂತಿದೆ, ಮತ್ತೆ ಎಳೆಯದಾಗಿಸುವುದು. ಡಿಪ್ಲೀಟ್, ರಿಪ್ಲೆನಿಷ್, ಕಂಪ್ಲೀಟ್ ಇವುಗಳ ಒಳಗಿನ ಪ್ಲೆ ನಮ್ಮ ಪೂರ್ಣದ ದಾಯಾದಿ. ಡಿಪ್ಲೀಟ್ ಅಂದರೆ ಕೆರೆ ಬತ್ತಿದ್ದು, ರಿಪ್ಲೆನಿಷ್ ಅಂದರೆ ತುಂಬಿದ್ದು. ಬೋರ್‌ವೆಲ್ ಬತ್ತಿದ ನೋವು ಕಂಡ ಜಿಲ್ಲೆಯಲ್ಲಿ ಹುಟ್ಟಿದವರು ಈ ಜೋಡಿಯನ್ನು ಹೇಗೆ ತಾನೇ ಮರೆತಾರು?

ಎಷ್ಟು ಪದ ಕಲಿತರೆ ಸಾಕು ಅಂತ ಎಲ್ಲರೂ ಕೇಳುತ್ತಾರೆ. ಬಂಗಾಳದಲ್ಲಿ ಮೇಷ್ಟರಾಗಿ ದುಡಿದಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಬಹಳ ಬಳಕೆಯ ಸುಮಾರು 2,000 ಪದಗಳ ಪಟ್ಟಿ ಕೊಟ್ಟರು. ಅದರಾಚೆ ಓದು ಬರಹದಲ್ಲಿ ಹೆಚ್ಚು ಬರುವ 570 ಪದಕುಟುಂಬಗಳನ್ನು (ಒಂದೇ ಪದದ ಬೇರೆ ಬೇರೆ ರೂಪಗಳ ಗುಂಪುಗಳನ್ನು) ನ್ಯೂಜಿಲೆಂಡಿನ ಎವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಹೆಕ್ಕಿ ಕೊಟ್ಟರು, ಅಕಾಡೆಮಿಕ್ ವರ್ಡ್ ಲಿಸ್ಟ್ ಅಂತ ಅದರ ಹೆಸರು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪರೀಕ್ಷೆಗೆ ಓದುವವರಿಗೆ ನಾನು ಮೊದಲು ತೋರಿಸುವುದು ಆ 570ನ್ನೇ. ಅದು ಬಂದ ಮೇಲೆ ಬೇಕಾದರೆ ಅಬ್ಸ್ಟ್ರೂಸ್, ಅಬ್ಸ್ಟೀಮಿಯಸ್ ಅಂತ ಹೋಗಿ. ದಿನಕ್ಕೆ ಐದು ಪದ, ಅದಕ್ಕಿಂತ ಜಾಸ್ತಿ ಬೇಡ. ಭಾನುವಾರ ಹೊಸದು ಬೇಡವೇ ಬೇಡ.

ಮರೆವಿಗೆ ಹೆದರಬೇಡಿ. ಮರೆಯುವುದು ಹೇಗೆ ನಡೆಯುತ್ತದೆ ಅಂತ ಹರ್ಮನ್ ಎಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಜಾಸ್ತಿ ಪಾಲು ಮೊದಲ ಒಂದೆರಡು ದಿನದಲ್ಲೇ ಹೋಗುತ್ತದೆ, ಆಮೇಲೆ ಹೋಗುವುದು ನಿಧಾನ. ಹಾಗಾಗಿ ಕಲಿತ ಮರುದಿನ ಒಂದು ಸಲ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ತಿರುವಿ ನೋಡಿ. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಅನ್ನುವವರು 1972ರಲ್ಲಿ ಒಂದು ಡಬ್ಬಿ ಉಪಾಯ ಹೇಳಿದರು. ನಾವು ಅದನ್ನು ಮದುವೆ ಪತ್ರಿಕೆಯಲ್ಲಿ ಮಾಡುತ್ತೇವೆ. ಮನೆಯಲ್ಲಿ ರಾಶಿ ಬಿದ್ದಿರುವ ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಇರುವ ಬದಿಯಲ್ಲಿ ಮೇಲರ್ಧಕ್ಕೆ ಪದ, ಮಡಚಿದ ಕೆಳಗರ್ಧಕ್ಕೆ ಅರ್ಥ ಮತ್ತು ಸ್ವಂತ ವಾಕ್ಯ ಬರೆಯಿರಿ. ಶೂ ಡಬ್ಬದಲ್ಲಿ ರಟ್ಟು ಇಟ್ಟು ಐದು ಮನೆ ಮಾಡಿ. ಹೊಸ ಚೀಟಿ ಮೊದಲ ಮನೆಗೆ. ಮಡಿಕೆ ಬಿಚ್ಚದೆ ಅರ್ಥ ಹೇಳಿದರೆ ಮುಂದಿನ ಮನೆಗೆ, ತಪ್ಪಿದರೆ ಎಷ್ಟನೇ ಮನೆಯಲ್ಲಿದ್ದರೂ ಮತ್ತೆ ಮೊದಲನೆಯದಕ್ಕೆ. ಮೊದಲ ಮನೆ ದಿನಾ ನೋಡಬೇಕು, ಕೊನೆಯದನ್ನು ತಿಂಗಳಿಗೊಮ್ಮೆ ಸಾಕು. ಫೋನಿನಲ್ಲೇ ಬೇಕು ಅನ್ನುವವರಿಗೆ ಆ್ಯಂಕಿ ಅನ್ನುವ ಆ್ಯಪ್ ಇದೇ ಕೆಲಸ ಮಾಡುತ್ತದೆ, ಆಂಡ್ರಾಯ್ಡ್‌ನಲ್ಲಿ ಕಾಸಿಲ್ಲ. ಆದರೆ ಕೈಯಲ್ಲಿ ಬರೆದದ್ದು ಹೆಚ್ಚು ನಿಲ್ಲುತ್ತದೆ ಅಂತ ನನ್ನ ಅನುಭವ.

ಉಚ್ಚಾರಣೆಯನ್ನು ಮಾತ್ರ ಊಹೆ ಮಾಡಬೇಡಿ. ಕನ್ನಡ ಬರೆದ ಹಾಗೇ ಓದುವ ಭಾಷೆ, ಇಂಗ್ಲಿಷ್ ಹಾಗಲ್ಲ. ಎಪಿಟೋಮ್ ಅಂತ ಕಾಣುವುದು ಎಪಿಟಮಿ, ಹೈಪರ್‌ಬೋಲ್ ಅಂತ ಕಾಣುವುದು ಹೈಪರ್ಬಲಿ, ಡೆಬ್ರಿಸ್ ಅಲ್ಲ ಡೆಬ್ರಿ, ಇಂಡಿಕ್ಟ್ ಅಲ್ಲ ಇಂಡೈಟ್, ಸಬ್ಟಲ್ ಅಲ್ಲ ಸಟಲ್. ಆನ್‌ಲೈನ್ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಒತ್ತಿ, ಮೂರು ಸಲ ಕೇಳಿ, ಬಾಯಿ ಬಿಟ್ಟು ಹೇಳಿ. ಡಿಕ್ಷನರಿಯೂ ಕಲಿಯುವವರಿಗಾಗಿಯೇ ಮಾಡಿದ ಲರ್ನರ್ಸ್ ಡಿಕ್ಷನರಿ ಆಗಿರಲಿ, ಅದರಲ್ಲಿ ಅರ್ಥವನ್ನು ಎರಡು ಮೂರು ಸಾವಿರ ಸುಲಭ ಪದಗಳ ಒಳಗೇ ಹೇಳಿರುತ್ತಾರೆ. ಮೊದಲು ಅದು, ಆಮೇಲೆ ಕನ್ನಡ ನಿಘಂಟು. ಎರಡೂ ಬೇಕು.

ಕಲಿತ ತಕ್ಷಣ ಬಳಸಲು ಹೋಗಬೇಡಿ. ಒಂದು ಪದವನ್ನು ಬೇರೆ ಬೇರೆ ಐದು ಕಡೆ ನೋಡಿದ ಮೇಲೆ ನಿಮ್ಮ ಬರಹಕ್ಕೆ ತನ್ನಿ. ರಜಾ ಚೀಟಿಯಲ್ಲಿ ಜ್ವರ ಅಂತ ಬರೆದರೆ ಸಾಕು, ಎಕ್ಸಾಸರ್ಬೇಟೆಡ್ (ಇನ್ನಷ್ಟು ಬಿಗಡಾಯಿಸಿದ) ಬೇಡ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಕಾಲೇಜಿಗೆ ಹೋದವರಲ್ಲ, ಆದರೂ 1913ರಲ್ಲಿ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು. ಕನ್ನಡ ಗಟ್ಟಿಯಿದ್ದರೆ ಇಂಗ್ಲಿಷಿಗೆ ಅದೇ ಆಸರೆ ಆಗುತ್ತದೆ ಅನ್ನುವುದಕ್ಕೆ ನಾನು ಹುಡುಗರಿಗೆ ಅವರನ್ನೇ ತೋರಿಸುತ್ತೇನೆ. ಇನ್ನು ಕೋಲಾರದವರಿಗೆ ಮತ್ತೊಂದು ಲಾಭ ಇದೆ, ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವರು. ಹೆಗ್ಗಣಕ್ಕೆ ತೆಲುಗಿನಲ್ಲಿ ಪಂದಿಕೊಕ್ಕು ಅನ್ನುತ್ತೇವಲ್ಲ, ಇಂಗ್ಲಿಷಿನ ಬ್ಯಾಂಡಿಕೂಟ್ ಅದೇ ಪದ. ನಮ್ಮ ಅಂಗಳದಿಂದಲೂ ಅವರು ಪದ ಎತ್ತಿಕೊಂಡು ಹೋಗಿದ್ದಾರೆ.

ಕೊನೆಯದಾಗಿ ಒಂದು ಅಭ್ಯಾಸ, ಇದಕ್ಕೆ ಪುಸ್ತಕ ಪೆನ್ನು ಏನೂ ಬೇಡ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಹೊರಗೆ ಕಂಡದ್ದಕ್ಕೆ ಕಲಿತ ಪದ ಹೊಂದಿಸಿ. ಮೊನ್ನೆ ಕೋಲಾರದಿಂದ ಹೊರಟಾಗ ನನ್ನ ಪಕ್ಕ ನಮ್ಮ ಕ್ಲಾಸಿನ ಹುಡುಗಿ ಕೂತಿದ್ದಳು. ಅಂತರಗಂಗೆ ಬೆಟ್ಟದಲ್ಲಿ ಒಂದು ಬಂಡೆಯ ತುದಿಯಲ್ಲಿ ಇನ್ನೊಂದು ಬಂಡೆ ಈಗಲೋ ಆಗಲೋ ಅನ್ನುವ ಹಾಗೆ ಕೂತಿರುತ್ತದಲ್ಲ, ಅದನ್ನು ತೋರಿಸಿ "ಸರ್, ಇದು ಪ್ರಿಕೇರಿಯಸ್ ಅಲ್ವಾ?" ಅಂದಳು. ಹೌದು, ಸರಿಯಾಗಿ ಅದೇ. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಬೇಡಿ ಪಡೆದದ್ದು ಅಂತ, ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಕಿತ್ತುಕೊಳ್ಳಬಹುದಾದ್ದು, ನಮ್ಮ ಪ್ರಶ್ನೆ ಅನ್ನುವ ಪದಕ್ಕೂ ಅದಕ್ಕೂ ಒಂದೇ ಬೇರು ಅಂತ ಹೇಳಿದೆ. ಅವಳು ಬ್ಯಾಗಿನಿಂದ ಲಗ್ನಪತ್ರಿಕೆಯ ಚೀಟಿ ತೆಗೆದು, ಬಸ್ಸಿನ ಕುಲುಕಾಟದಲ್ಲೇ ಬಂಡೆಯ ಮೇಲೊಂದು ಬಂಡೆ ಬಿಡಿಸಿ, ಕೆಳಗೆ ಪದ ಬರೆದುಕೊಂಡಳು.